ಸೆಲ್ಲಿನ ಆಯುಸ್ಸು, ಕಾಡಿನ ಆಯುಸ್ಸು

ಚಂದ್ರಂಪಳ್ಳಿಯ ಸುತ್ತಲಿನ ಊರು, ತಾಂಡಾಗಳಲ್ಲಿ ‘ಬ್ಯಾಟರಿ’ ಎಂದರೆ ಇಂದಿಗೂ ಕೈದೀಪವೇ. ಅದರೊಳಗೆ ಹಾಕುವುದು ‘ಸೆಲ್ಲು’. ಈ ಎರಡು ಮಾತುಗಳ ಭೇದದಲ್ಲಿ ಒಂದು ವಿವೇಕವಿತ್ತು. ಸೆಲ್ಲು ಮುಗಿದರೆ ಸೆಲ್ಲನ್ನಷ್ಟೇ ಬದಲಿಸುತ್ತಿದ್ದರು. ಬ್ಯಾಟರಿ ವರ್ಷಗಟ್ಟಲೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಇಂದು ಸಂತೆಯಲ್ಲಿ ಸಿಗುವ ಅನೇಕ ಚಾರ್ಜಿಂಗ್ ಬ್ಯಾಟರಿಗಳಲ್ಲಿ ಸೆಲ್ಲನ್ನು ಒಳಗೇ ಬೆಸೆದು ಮುಚ್ಚಿರುತ್ತಾರೆ. ಸೆಲ್ಲು ಸತ್ತರೆ ದೀಪವೂ ಸತ್ತಂತೆಯೇ.

ಈ ಪದ್ಧತಿಯ ಅತಿರೇಕವನ್ನು ಇ-ಸಿಗರೇಟಿನಲ್ಲಿ ಕಾಣಬಹುದು. ಕರ್ನಾಟಕವು 2016ರಲ್ಲಿಯೂ ಕೇಂದ್ರ ಸರ್ಕಾರವು 2019ರಲ್ಲಿಯೂ ಅದನ್ನು ನಿಷೇಧಿಸಿದವು. ಕೇಂದ್ರದ ಕಾಯ್ದೆಯಂತೆ ಅದನ್ನು ತಯಾರಿಸುವುದು, ಮಾರುವುದು, ದಾಸ್ತಾನಿಡುವುದು ಎಲ್ಲವೂ ಅಪರಾಧ. ನಿಷೇಧಕ್ಕೆ ಕೊಟ್ಟ ಕಾರಣ ಆರೋಗ್ಯ, ವಿಶೇಷವಾಗಿ ಎಳೆಯರ ಆರೋಗ್ಯ. ಅದು ಯೋಗ್ಯವಾದ ಕಾರಣವೇ. ಆದರೆ ಆ ಸಾಧನ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಒಮ್ಮೆ ಸೇದಿ ಎಸೆಯುವ ಇ-ಸಿಗರೇಟಿನೊಳಗೂ ಲಿಥಿಯಂ ಸೆಲ್ಲೇ ಇರುತ್ತದೆ. ಅಂತಹ ಸೆಲ್ಲುಗಳನ್ನು ನೂರಾರು ಬಾರಿ ಮತ್ತೆ ಚಾರ್ಜ್ ಮಾಡಬಹುದೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2023ರಲ್ಲಿ ತೋರಿಸಿದರು. ಅದೇ ವರ್ಷ ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಇ-ಸಿಗರೇಟುಗಳು ಕಸಕ್ಕೆ ಬೀಳುತ್ತಿದ್ದವೆಂಬ ಅಂದಾಜಿತ್ತು. ಕೊನೆಗೆ ಆ ದೇಶವೂ 2025ರ ಜೂನ್ 1ರಿಂದ ಬಳಸಿ ಎಸೆಯುವ ಇ-ಸಿಗರೇಟುಗಳ ಮಾರಾಟವನ್ನು ನಿಲ್ಲಿಸಿತು. ಬದುಕಿರುವ ಸೆಲ್ಲನ್ನು ಸತ್ತದ್ದೆಂದು ಎಸೆಯುವ ವ್ಯಾಪಾರವದು.

ಹಾಗಾದರೆ ಇಂತಹ ಸೆಲ್ಲಿನ ನಿಜವಾದ ಆಯುಸ್ಸು ಎಷ್ಟು? ಸಾಮಾನ್ಯ ಲಿಥಿಯಂ ಸೆಲ್ಲು 300ರಿಂದ 500 ಪೂರ್ಣ ಚಾರ್ಜುಗಳವರೆಗೆ ಚೆನ್ನಾಗಿ ದುಡಿಯುತ್ತದೆ. ಆ ಬಳಿಕ ಮೊದಲಿನ ಶಕ್ತಿಯ ಸುಮಾರು ಶೇ. 80ರಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಖಾಲಿಯಾದುದನ್ನು ಎರಡು ಸಲ ತುಂಬಿದರೆ ಅದು ಒಂದು ಪೂರ್ಣ ಚಾರ್ಜಿನ ಲೆಕ್ಕ. ಚಾರ್ಜ್ ಮಾಡಬಹುದಾದ ಇ-ಸಿಗರೇಟಿನ ಪುಟ್ಟ ಸೆಲ್ಲನ್ನು ದಿನಕ್ಕೊಮ್ಮೆ ಪೂರ್ತಿ ತುಂಬಿದರೆ ಒಂದು ವರ್ಷದ ಆಸುಪಾಸಿನಲ್ಲಿಯೇ ಅದು ಸೋಲತೊಡಗುತ್ತದೆ. ಕೈದೀಪ, ಮೊಬೈಲು, ಸೌರ ಲಾಂದ್ರಗಳಲ್ಲಿರುವ ಇದೇ ಜಾತಿಯ ಸೆಲ್ಲಿಗೂ ಈ ಗಣಿತ ಅನ್ವಯಿಸುತ್ತದೆ.

ಆದರೆ ಕಲಬುರಗಿಯ ಬಿಸಿಲಿನ ಲೆಕ್ಕ ಬೇರೆ. ಪೂರ್ತಿ ತುಂಬಿದ ಸಾಮಾನ್ಯ ಲಿಥಿಯಂ ಸೆಲ್ಲನ್ನು 25 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೂ ಅದರ ಸಾಮರ್ಥ್ಯದ ಸುಮಾರು ಐದನೆಯ ಒಂದು ಪಾಲು ನಷ್ಟವಾಗುತ್ತದೆ. 40 ಡಿಗ್ರಿಯಲ್ಲಿ ಇಟ್ಟರೆ ನಷ್ಟ ಸುಮಾರು ಮೂರನೆಯ ಒಂದು ಪಾಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ, ತಗಡಿನ ಮಾಡಿನಡಿ ಚಾರ್ಜಿಗೆ ಹಾಕಿ ಮರೆತ ಬ್ಯಾಟರಿ ಬೇಗನೆ ಮುಪ್ಪಾದರೆ ಆಶ್ಚರ್ಯವೇನಿಲ್ಲ. ಹಿಂದೆ ಮುಗಿದ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ಇನ್ನೆರಡು ರಾತ್ರಿ ಬೆಳಕು ಪಡೆಯುವ ರೂಢಿಯಿತ್ತು. ಸತುವಿನ ಸೆಲ್ಲಿಗೆ ಅದು ಸಲ್ಲುತ್ತಿತ್ತು. ಲಿಥಿಯಂ ಸೆಲ್ಲಿಗೆ ಬಿಸಿಲೇ ವಿಷ.

ಇದು ಕೇವಲ ಹಣದ ನಷ್ಟದ ಮಾತಲ್ಲ. ರಾತ್ರಿ ಪಾಳಿಯ ಕರೆಂಟಿಗಾಗಿ ಪಂಪ್‌ಸೆಟ್ಟಿನತ್ತ ನಡೆಯುವ ರೈತನಿಗೆ ಹಾವು ಕಾಣುವುದೂ ಕಾಣದಿರುವುದೂ ಈ ಬೆಳಕಿನ ಮೇಲೆಯೇ ನಿಂತಿದೆ. ಇನ್ನು ಸತ್ತ ಸೆಲ್ಲು ಸೇರುವುದು ತಿಪ್ಪೆಗೆ, ಹಳ್ಳಕ್ಕೆ, ಇಲ್ಲವೆ ಜಲಾಶಯ ನೋಡಲು ಬಂದವರು ಬಿಟ್ಟುಹೋಗುವ ಕಸದ ರಾಶಿಗೆ. ಚಂದ್ರಂಪಳ್ಳಿಯನ್ನು ಒಳಗೊಂಡ ಚಿಂಚೋಳಿ ವನ್ಯಜೀವಿ ಧಾಮ ಸುಮಾರು 135 ಚದರ ಕಿಲೋಮೀಟರಿನ ಒಣ ಎಲೆಯುದುರುವ ಕಾಡು. ತೋಳ, ಕತ್ತೆಕಿರುಬಗಳ ನೆಲೆ. ಶಿವರಾತ್ರಿ ಕಳೆಯುತ್ತಲೇ ಅಲ್ಲಿ ಹುಲ್ಲು, ತರಗೆಲೆ ಎಲ್ಲವೂ ಒಣಗಿ ನಿಂತಿರುತ್ತವೆ. ಜಜ್ಜಿದ ಅಥವಾ ತೂತಾದ ಲಿಥಿಯಂ ಸೆಲ್ಲು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಗಾಡಿಯ ಗಾಲಿಗೆ ಸಿಕ್ಕ ಒಂದೇ ಸೆಲ್ಲು ಕಾಳ್ಗಿಚ್ಚಿಗೆ ಸಾಕು.

ಕಾನೂನು ಇಲ್ಲವೆಂದಲ್ಲ. 2001ರ ನಿಯಮಗಳು ಸೀಸ-ಆಮ್ಲದ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. 2022ರ ಆಗಸ್ಟಿನಲ್ಲಿ ಹೊರಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿವೆ. ಅವುಗಳ ಪ್ರಕಾರ, ಹಳೆಯ ಬ್ಯಾಟರಿಗಳು ಮರುಬಳಕೆಗೆ ಸೇರುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಅವುಗಳನ್ನು ಬೇರೆ ಕಸದೊಡನೆ ಬೆರೆಸದಿರುವ ಹೊಣೆ ಬಳಸುವವರದು. ಆದರೆ ಬೇರ್ಪಡಿಸಿದ ಸೆಲ್ಲನ್ನು ತಾಂಡಾದ ಹೆಣ್ಣುಮಗಳು ಯಾರ ಕೈಗೆ ಕೊಡಬೇಕು? ದೀಪ ಊರೂರಿಗೆ ಬರುವಷ್ಟು ಸಲೀಸಾಗಿ ಅದರ ಹೆಣವೂ ಹಿಂದಿರುಗಬೇಕು. ಮಾರಾಟಕ್ಕೆ ದೂರವಾಗದ ಹಳ್ಳಿ ವಾಪಸಾತಿಗೆ ಮಾತ್ರ ದೂರವಾಗುವುದು ನ್ಯಾಯವಲ್ಲ.

ಆದ್ದರಿಂದ ಮೂರು ಬೇಡಿಕೆಗಳನ್ನು ಗ್ರಾಮಸಭೆಗಳು ಠರಾವಿನ ರೂಪದಲ್ಲಿ ಮುಂದಿಡಬೇಕಾಗಿದೆ. ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಧಾಮದ ಪ್ರವೇಶದಲ್ಲಿಯೂ ಹಳೆಯ ಸೆಲ್ಲುಗಳನ್ನು ಪಡೆಯುವ, ಮರಳು ತುಂಬಿದ ಪೆಟ್ಟಿಗೆಯಿರಬೇಕು. ಅದನ್ನು ತಯಾರಕರ ವೆಚ್ಚದಲ್ಲಿ ಕಾಲಕಾಲಕ್ಕೆ ಸಾಗಿಸಬೇಕು. ಎರಡನೆಯದಾಗಿ, ಸರ್ಕಾರಿ ಯೋಜನೆಗಳಲ್ಲಿ ಹಂಚುವ ದೀಪಗಳು ಸೆಲ್ಲು ಬದಲಿಸಲು ಬರುವಂಥವಾಗಿರಬೇಕು. ಸೆಕೆಯನ್ನು ಹೆಚ್ಚು ತಾಳುವ, ಎರಡು ಸಾವಿರದಷ್ಟು ಚಾರ್ಜುಗಳನ್ನು ಕಾಣಬಲ್ಲ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳಿಗೆ ಅಲ್ಲಿ ಆದ್ಯತೆ ದೊರೆಯಬೇಕು. ಮೂರನೆಯದಾಗಿ, ಬೆಸೆದು ಮುಚ್ಚಿದ ಸಾಧನದ ಮೇಲೆ ಅದರ ಸೆಲ್ಲು ಎಷ್ಟು ಚಾರ್ಜು ಬಾಳುವುದೆಂಬುದನ್ನು ಕನ್ನಡದಲ್ಲಿ ಮುದ್ರಿಸಬೇಕು.

ಅಲ್ಲಿಯವರೆಗೆ ಮನೆಮನೆಯಲ್ಲಿ ಆಗಬಹುದಾದ ಕೆಲಸವೂ ಇದೆ. ಬ್ಯಾಟರಿಯನ್ನು ನೆರಳಿನಲ್ಲಿಟ್ಟು ಚಾರ್ಜ್ ಮಾಡುವುದು, ತುಂಬಿದೊಡನೆ ತೆಗೆಯುವುದು, ಪೂರ್ತಿ ಖಾಲಿಯಾಗುವವರೆಗೆ ಕಾಯದಿರುವುದು. ಉಬ್ಬಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಚುಚ್ಚಬಾರದು, ಚಳಿ ಕಾಯಿಸುವ ಬೆಂಕಿಗೆ ಎಸೆಯಬಾರದು. ಅದರ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಒಣ ಮರಳಿನ ಮಡಕೆಯಲ್ಲಿ, ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದಂತೆ ಇಡುವುದು ಕ್ಷೇಮ. ಶಾಲಾ ವಿದ್ಯಾರ್ಥಿಗಳು ತಮ್ಮ ಓಣಿಯಲ್ಲಿ ಒಂದು ವರ್ಷದಲ್ಲಿ ಎಷ್ಟು ಸೆಲ್ಲುಗಳು ಸತ್ತವೆಂದು ಎಣಿಸಿ ಬರೆದಿಟ್ಟರೆ, ಆ ಪಟ್ಟಿಯೇ ಗ್ರಾಮಸಭೆಯ ಮುಂದಿಡುವ ಪುರಾವೆಯಾಗುತ್ತದೆ.

ಸೆಲ್ಲಿನ ಆಯುಸ್ಸು ಒಂದೆರಡು ವರ್ಷ. ಅದು ಬಿದ್ದ ಹಳ್ಳದ ನೀರನ್ನು ಮುಂದಿನ ತಲೆಮಾರೂ ಕುಡಿಯಬೇಕಾಗಿದೆ.