ಹಾರದ ವಿಮಾನಕ್ಕೆ ಜಾಗ ಸಿಕ್ಕಿತು



ಕಾರವಾರದ ಕಡೆ ಟೂರು ಹೋಗುವ ಹಾಸ್ಟೆಲು ಹುಡುಗರು ಈಗ ಅಲ್ಲಿನ ಟಾಗೋರ್ ಕಡಲತೀರದಲ್ಲಿ ಒಂದು ವಿಮಾನ ನೋಡ್ತೀರಿ. ಹೆಸರು ಟುಪೊಲೆವ್ 142. ಸೋವಿಯತ್ ರಷ್ಯಾದಲ್ಲಿ ತಯಾರಾದದ್ದು. ನಾಲ್ಕು ಇಂಜಿನು, ಸುಮಾರು 50 ಮೀಟರು ಅಗಲದ ರೆಕ್ಕೆ. ಕಡಲೊಳಗೆ ಅಡಗಿದ ಶತ್ರುವಿನ ಸಬ್‌ಮರೀನು ಹುಡುಕೋದು ಅದರ ಕೆಲಸವಾಗಿತ್ತು. 1988ರಲ್ಲಿ ಈ ಜಾತಿಯ ವಿಮಾನಗಳು ನಮ್ಮ ನೌಕಾದಳಕ್ಕೆ ಸೇರಿದವು. 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ಅವಕ್ಕೆ ನಿವೃತ್ತಿ ಆಯಿತು. ಒಂದನ್ನು ವಿಶಾಖಪಟ್ಟಣದಲ್ಲಿ ಅದೇ ವರ್ಷ ಮ್ಯೂಸಿಯಂ ಮಾಡಿದರು. ಇನ್ನೊಂದನ್ನು ಬಿಚ್ಚಿ, ತುಂಡು ತುಂಡಾಗಿ ಲಾರಿಗಳ ಮೇಲೆ ಹೇರಿ ಕಾರವಾರಕ್ಕೆ ತಂದು ಮತ್ತೆ ಜೋಡಿಸಿದರು. ಚಾಪೆಲ್ ಎಂಬ ಯುದ್ಧನೌಕೆಯ ಮ್ಯೂಸಿಯಂ ಅಲ್ಲಿ 2006ರಿಂದಲೇ ಇತ್ತು. 2024ರಲ್ಲಿ ವಿಮಾನವೂ ಪಕ್ಕಕ್ಕೆ ಬಂದು ಮ್ಯೂಸಿಯಂ ದೊಡ್ಡದಾಯಿತು.

ದೊಡ್ಡದಾಗಲಿ. ಆದರೆ ಯಾರ ದುಡ್ಡಿನಲ್ಲಿ, ಯಾರ ಜಾಗದಲ್ಲಿ ಅಂತ ನಾವು ಕೇಳಬಾರದೆ? ಇದು ಸಾರ್ವಜನಿಕರ ಹಣ. ಸಾರ್ವಜನಿಕರು ಅಂದರೆ ಕಾರಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗುವವರು ಮಾತ್ರ ಅಲ್ಲ. ಸಂತೆಯಲ್ಲಿ ಸೋಪು, ಬೆಂಕಿಪೊಟ್ಟಣ ಕೊಳ್ಳುವ ನಿಮ್ಮವ್ವನೂ ತೆರಿಗೆ ಕಟ್ತಾಳೆ.

ಈ ವಿಮಾನಕ್ಕೆ ಕಾರವಾರವೇ ಯಾಕೆ ಸಿಕ್ಕಿತು? ಅಲ್ಲಿ ನೌಕಾನೆಲೆ ಇದೆ, ಅದಕ್ಕೆ. ಆ ನೌಕಾನೆಲೆ ಎಲ್ಲಿಂದ ಬಂತು? 1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಸೀಬರ್ಡ್ ಅಂದರೆ ಕಡಲಹಕ್ಕಿ. ಹಕ್ಕಿಗೆ ಗೂಡು ಕಟ್ಟಲು ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಊರುಗಳ ಜನ ಎದ್ದು ಹೋಗಬೇಕಾಯಿತು. 4,000ಕ್ಕೂ ಹೆಚ್ಚು ಕುಟುಂಬ. ಮೀನು ಹಿಡಿಯುವವರು, ಗದ್ದೆ ಉಳುವವರು, ಗದ್ದೆ ಇಲ್ಲದೆ ಬೇರೆಯವರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಪತ್ರ ಇದ್ದವನಿಗೆ ಪರಿಹಾರ, ಪತ್ರವೇ ಇಲ್ಲದ ಕೂಲಿಗೆ ಏನು? ಪತ್ರ ಇದ್ದವರೂ ನ್ಯಾಯವಾದ ಪರಿಹಾರಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಮುದುಕರಾದರು. 2005ರಲ್ಲಿ ನೆಲೆ ಉದ್ಘಾಟನೆ ಆಯಿತು, ಕದಂಬ ಅಂತ ಹೆಸರಿಟ್ಟರು. ಕನ್ನಡದ ಮೊದಲ ರಾಜಮನೆತನದ ಹೆಸರು. ರಾಜರ ಹೆಸರು ಇಡೋದು ನೋಡಿ ಎಷ್ಟು ಸಲೀಸು. ಅರ್ಗಾ ಅಂತ ಇಡಬಹುದಿತ್ತು, ಅದು ನೆಲ ಕೊಟ್ಟ ಊರು.

ಕತೆ ಮುಗಿದಿಲ್ಲ. ಅಂಕೋಲಾದ ಅಲಗೇರಿ, ಬೇಲೇಕೇರಿ, ಭಾವಿಕೇರಿಯ ಕಡೆ ಈಗ ನೌಕಾದಳದ ವಿಮಾನ ನಿಲ್ದಾಣಕ್ಕೆ ಜಮೀನು ಹಿಡಿಯುವ ಕೆಲಸ ನಡೆದಿದೆ. ಹಾರುವ ವಿಮಾನಕ್ಕೂ ಜಾಗ ಉಂಟು, ಹಾರದ ವಿಮಾನಕ್ಕೂ ಜಾಗ ಉಂಟು. ಮಧ್ಯೆ ಮನುಷ್ಯ ಗಂಟುಮೂಟೆ ಹೊತ್ತು ನಿಂತಿದ್ದಾನೆ.

ಇನ್ನು ದುಡ್ಡಿನ ಮಾತು. ನಮಗೆ ಸ್ಕಾಲರ್‌ಶಿಪ್ ಬೇಕಾದರೆ ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕ, ಹಾಜರಿ. ಒಂದು ಅಕ್ಷರ ತಪ್ಪಿದರೆ ಅರ್ಜಿ ವಾಪಸ್ಸು. ನಾನಿದ್ದ ಹಾಸ್ಟೆಲಿನಲ್ಲಿ ಸಾರಿಗೆ ಬೇಳೆ ಸಾಲದು ಅಂದಿದ್ದಕ್ಕೆ ಲೆಕ್ಕದ ಪುಸ್ತಕ ತೆರೆದು ತೋರಿಸಿ ಬಾಯಿ ಮುಚ್ಚಿಸಿದರು. ವಿಮಾನ ಯಾವ ಅರ್ಜಿ ಹಾಕಿತು? ಯಾವ ತಾಲ್ಲೂಕು ಕಚೇರಿಯ ಮುಂದೆ ಕ್ಯೂ ನಿಂತಿತು? ನಮ್ಮ ಉಪಯೋಜನೆಯ ಹಣವನ್ನು ನಮಗೇ ಖರ್ಚು ಮಾಡಿ ಅಂತ 2013ರಲ್ಲಿ ಕಾಯ್ದೆ ಬಂತು. ಬರುವಾಗಲೇ ಅದರಲ್ಲಿ 7ಡಿ ಅನ್ನುವ ಕಿಂಡಿ ಇಟ್ಟು, ಎಲ್ಲರ ಕಾಮಗಾರಿಗೂ ನಮ್ಮ ಹಣ ಹರಿಯೋ ಹಾಗೆ ಮಾಡಿದರು. ಆ ಕಿಂಡಿ ಮುಚ್ಚಿಸೋಕೆ 2023ರವರೆಗೆ ಕೂಗಬೇಕಾಯಿತು. ಹತ್ತು ವರ್ಷ! ಈ ಮಧ್ಯೆ ಎಷ್ಟು ಜನ ಹುಡುಗರು ಡಿಗ್ರಿ ಬಿಟ್ಟು ಗಾರೆ ಕೆಲಸಕ್ಕೆ ಹೋದರೋ ಲೆಕ್ಕ ಇಟ್ಟವರು ಯಾರು?

ಮ್ಯೂಸಿಯಂ ನೋಡಿ ಹುಡುಗರಿಗೆ ಸೇನೆ ಸೇರುವ ಉತ್ಸಾಹ ಬರುತ್ತದೆ ಅಂತಾರೆ. ಬರಲಿ. ಸೈನಿಕರ ನೇಮಕಾತಿಯಲ್ಲಿ ನಮಗೆ ಮೀಸಲಾತಿ ಇಲ್ಲ, ಅದು ಹಾಗಿರಲಿ. 2022ರಲ್ಲಿ ಅಗ್ನಿಪಥ ತಂದರು. 4 ವರ್ಷ ದುಡಿ, ಆಮೇಲೆ 100ಕ್ಕೆ 25 ಜನರನ್ನು ಮಾತ್ರ ಇಟ್ಟುಕೊಳ್ತೇವೆ, ಉಳಿದವರು ಮನೆಗೆ ಹೋಗಿ, ಪಿಂಚಣಿ ಇಲ್ಲ ಅಂದರು. ಈ ವಿಮಾನದ ಸಂತತಿಗೆ 29 ವರ್ಷ ಸೇವೆ. ನಿವೃತ್ತಿಯ ಮೇಲೆ ಸಮುದ್ರದ ಎದುರಿಗೆ ಸೈಟು, ಬಣ್ಣ, ಕಾವಲು. ನಮ್ಮ ಹುಡುಗ ಮುಂದಿನ ಜನ್ಮ ಅಂತ ಒಂದಿದ್ದರೆ (ನಾವು ನಂಬೋದಿಲ್ಲ ಬಿಡಿ) ವಿಮಾನವಾಗಿ ಹುಟ್ಟಬೇಕು.

ಇಷ್ಟು ಹೇಳಿದರೆ ದೇಶದ್ರೋಹಿ ಅಂತಾರೆ. ಸೈನಿಕರನ್ನ ಹೀಯಾಳಿಸ್ತೀಯಾ ಅಂತಾರೆ. ಸ್ವಾಮಿ, ಬಾಬಾಸಾಹೇಬರ ತಂದೆ ರಾಮಜಿ ಸೇನೆಯಲ್ಲಿ ಸುಬೇದಾರರು. 1890ರ ದಶಕದಲ್ಲಿ ಮಹಾರರು ಸೇನೆಗೆ ಬೇಡ ಅಂತ ಬಾಗಿಲು ಹಾಕಿದ್ದು ಬ್ರಿಟಿಷರು. ಅದು ಗಟ್ಟಿಯಾಗಿ ತೆರೆದದ್ದು 1941ರಲ್ಲಿ ಮಹಾರ್ ರೆಜಿಮೆಂಟು ಕಟ್ಟಿದಾಗ. ಸ್ಮಾರಕ ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. 1927ರ ಜನವರಿ 1ರಂದು ಬಾಬಾಸಾಹೇಬರು ಭೀಮಾ ಕೋರೆಗಾಂವಿಗೆ ಹೋದರು. ಅಲ್ಲಿರೋದು ಒಂದು ಕಲ್ಲಿನ ಕಂಬ. 1818ರ ಯುದ್ಧದಲ್ಲಿ ಬಿದ್ದವರ ಹೆಸರು ಅದರ ಮೇಲೆ ಕೆತ್ತಿದೆ. ‘ನಾಕ’ ಅಂತ ಮುಗಿಯುವ ಮಹಾರರ ಹೆಸರುಗಳು. ಕಂಬ ನಿಲ್ಲಿಸಿದ್ದು ಕಂಪನಿ ಸರ್ಕಾರ, ತನ್ನ ಗೆಲುವಿನ ಡೌಲಿಗೆ. ಆದರೆ ಹೆಸರು ಇತ್ತು. ಹೆಸರು ಇದ್ದದ್ದಕ್ಕೆ ನೂರು ವರ್ಷದ ಮೇಲೆ ಮೊಮ್ಮಕ್ಕಳು ಹೋಗಿ ಓದಿ ತಲೆ ಎತ್ತಿದರು. ಕಂಬದಲ್ಲಿ ಬರೀ ಫಿರಂಗಿಯ ತೂಕ, ಉದ್ದ ಕೆತ್ತಿದ್ದರೆ ಬಾಬಾಸಾಹೇಬರು ಅಲ್ಲಿಗೆ ಯಾಕೆ ಹೋಗ್ತಿದ್ದರು?

ಅದಕ್ಕೇ ನಮ್ಮ ಒತ್ತಾಯ ಇಷ್ಟು. ಈ ಮ್ಯೂಸಿಯಮ್ಮಿಗೆ ಇನ್ನೊಂದು ರೂಪಾಯಿ ಸುರಿಯುವ ಮುಂಚೆ, ಎದ್ದು ಹೋದ 13 ಊರುಗಳ ಹೆಸರು, ಆ ಅಷ್ಟೂ ಕುಟುಂಬಗಳ ಹೆಸರು, ಜಮೀನಿಲ್ಲದ ಕೂಲಿಯವರ ಹೆಸರೂ ಸೇರಿ, ವಿಮಾನದ ಮುಂದೆ ಕನ್ನಡದಲ್ಲಿ ಕೆತ್ತಿ ಹಾಕಬೇಕು. ಇದುವರೆಗಿನ ಖರ್ಚು ಎಷ್ಟು, ಯಾವ ಇಲಾಖೆಯ ಯಾವ ಬಾಬ್ತಿನಿಂದ ಬಂತು ಅನ್ನೋದನ್ನ ಅದೇ ಗೋಡೆಗೆ ಅಂಟಿಸಬೇಕು. ಟಿಕೆಟ್ಟಿನ ಹಣದಲ್ಲಿ ಎದ್ದು ಹೋದವರ ಮಕ್ಕಳ ಓದಿಗೆ ಪಾಲು ಇಡಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಫೀಸು 10 ರೂಪಾಯಿ. ಒಂದು ಹಾಸ್ಟೆಲಿನಿಂದ ಒಂದು ಅರ್ಜಿ ಹೋದರೂ ಸಾಕು, ಜಿಲ್ಲಾಧಿಕಾರಿ ಕಚೇರಿಯ ಟಪಾಲಿನವನಿಗೆ ಕೈತುಂಬ ಕೆಲಸ.

ಟೂರಿಗೆ ಹೋಗುವವರು ವಿಮಾನದೊಳಗೂ ಹತ್ತಿ ನೋಡಿ, ನಾಚಿಕೆ ಬೇಡ, ಅದು ನಮ್ಮದೇ ದುಡ್ಡು. ಗೋಡೆಗಳ ಮೇಲೆ ಅರ್ಗಾ ಅಂತ ಎಲ್ಲಾದರೂ ಬರೆದಿದೆಯಾ ಹುಡುಕಿ. ಇಲ್ಲದಿದ್ದರೆ ಅಲ್ಲಿರುವವರನ್ನ ಗಟ್ಟಿಯಾಗಿ ಕೇಳಿ, ಉತ್ತರ ಏನು ಬಂತು ಅಂತ ಈ ಪತ್ರಿಕೆಗೆ ಬರೆಯಿರಿ. ಆಮೇಲೆ ಬಸ್ಸು ಹೊರಡುವ ಮುಂಚೆ, ಅರ್ಗಾ ಯಾವ ಕಡೆ ಅಂತ ಡ್ರೈವರಣ್ಣನನ್ನ ಕೇಳಿ.