ಅಡುಗೆಯವರಿಗೆ ಒಂದು ದಿನದ ರಜೆ

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿತೆಂದರೆ ನಮ್ಮ ವಿದ್ಯಾಸಂಸ್ಥೆಗಳಿಗೆ ಉತ್ಸವದ ಜ್ವರ ಏರುವುದು ವಾಡಿಕೆ. ಒಂದು ವಾರ ನಾಟಕ, ಇನ್ನೊಂದು ವಾರ ಚರ್ಚಾಸ್ಪರ್ಧೆ, ಮತ್ತೊಂದು ವಾರ ಶ್ರಮದಾನ. ಶ್ರಮದಾನದ ದಿನ ಮಾತ್ರ ಹಾಜರಿ ಪುಸ್ತಕವನ್ನು ಹೊರತೆಗೆಯಬೇಕಾಗುತ್ತದೆಂಬುದನ್ನು ಪಾಠ ಹೇಳುವ ನಮ್ಮಂಥವರೆಲ್ಲ ಬಲ್ಲೆವು. ಹಾಡು ಸಂತೋಷಕ್ಕೆ, ಸೇವೆ ಪ್ರಮಾಣಪತ್ರಕ್ಕೆ ಎಂಬ ಭಾವನೆ ಹುಡುಗರಲ್ಲಿ ಬೇರೂರಿದೆ. ಹುಡುಗರಲ್ಲಿ ಮಾತ್ರವೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಈ ಎರಡನ್ನೂ ಒಂದೇ ಋತುವಿನಲ್ಲಿ, ಅಕ್ಕಪಕ್ಕದಲ್ಲಿ ಇರಿಸಿಕೊಂಡಿರುವ ವಿಶ್ವವಿದ್ಯಾನಿಲಯವೊಂದು ಬಂಗಾಳದಲ್ಲಿದೆ. ಅದು ಶಾಂತಿನಿಕೇತನದ ವಿಶ್ವಭಾರತಿ. ಅದರ ವಸಂತೋತ್ಸವದ ಹೆಸರನ್ನು ಕೇಳದವರು ವಿರಳ. ಕೆಂಪು ಮಣ್ಣಿನ ಆ ನೆಲದಲ್ಲಿ ಮುತ್ತುಗವೂ ಬೂರುಗವೂ ಎಲೆ ಕಳಚಿ ಮೈತುಂಬ ಹೂ ಹೊತ್ತು ನಿಲ್ಲುವ ಕಾಲ ಅದು. ದೋಲಪೂರ್ಣಿಮೆಯ ಬೆಳಿಗ್ಗೆ ಹಳದಿಯ ಉಡುಪು ತೊಟ್ಟ ತರುಣತರುಣಿಯರು ರವೀಂದ್ರರ ಗೀತೆಗಳನ್ನು ಹಾಡುತ್ತ, ಹೆಜ್ಜೆ ಹಾಕುತ್ತ ಮೆರವಣಿಗೆಯಲ್ಲಿ ಬರುವುದು ಅಲ್ಲಿನ ಸಂಪ್ರದಾಯ. ನೃತ್ಯಗೀತಗಳು ಮುಗಿದ ಮೇಲೆ ಒಣ ಬಣ್ಣದ ಪುಡಿಯನ್ನು ಒಬ್ಬರು ಇನ್ನೊಬ್ಬರ ಹಣೆಗೂ ಕೆನ್ನೆಗೂ ಹಚ್ಚುತ್ತಾರೆ. ಪಿಚಕಾರಿಯ ಆರ್ಭಟಕ್ಕೆ ಅಲ್ಲಿ ಸ್ಥಾನವಿಲ್ಲ.

ಈ ಉತ್ಸವದ ಮೂಲದಲ್ಲಿ ಒಬ್ಬ ಬಾಲಕನಿದ್ದಾನೆ. 1907ರ ವಸಂತಪಂಚಮಿಯಂದು ರವೀಂದ್ರರ ಕಿರಿಯ ಮಗ ಶಮೀಂದ್ರನು ಜೊತೆಯ ಹುಡುಗರನ್ನು ಕೂಡಿಸಿಕೊಂಡು ಪುಟ್ಟದೊಂದು ಋತು ಉತ್ಸವವನ್ನು ನಡೆಸಿದ. ತಾನೇ ವಸಂತನ ವೇಷ ತೊಟ್ಟ. ಅದೇ ವರ್ಷದ ನವೆಂಬರಿನಲ್ಲಿ ಕಾಲರಾ ಅವನನ್ನು ಒಯ್ದಿತು. ಆಗ ಅವನಿಗೆ 11 ವರ್ಷ ಇನ್ನೂ ತುಂಬಿರಲಿಲ್ಲ. ಮಗು ಆಡಿದ ಆ ಆಟ ತಂದೆಯ ಆಶ್ರಮದಲ್ಲಿ ಬೆಳೆದು, ದೂರದೂರುಗಳಿಂದ ಸಾವಿರಾರು ಜನ ನೋಡಬರುವ ಮಹೋತ್ಸವವಾಯಿತು. 2020ರಲ್ಲಿ ಸಾಂಕ್ರಾಮಿಕದ ಭಯದಿಂದ ಅದು ನಿಂತಿತು. ಅನಂತರ 2023ರಲ್ಲಿ ವಿಶ್ವವಿದ್ಯಾನಿಲಯವು ಹೊರಗಿನ ಜನಸಂದಣಿಯಿಲ್ಲದೆ, ತನ್ನವರಷ್ಟಕ್ಕೇ ವಸಂತವನ್ನು ವಂದಿಸಿತು. ಹಲವರಿಗೆ ಇದರಿಂದ ನಿರಾಶೆಯಾದುದು ಸಹಜ. ಆದರೆ ಮೆರವಣಿಗೆಗಿಂತ ನೋಡುಗರ ನೂಕುನುಗ್ಗಲೇ ದೊಡ್ಡದಾದಾಗ ಉತ್ಸವ ಯಾರದೆಂಬ ಪ್ರಶ್ನೆ ಏಳದಿರುತ್ತದೆಯೇ?

ಜನಸಂದಣಿಯ ಹಂಗಿಲ್ಲದ ಮತ್ತೊಂದು ದಿನ ಅದೇ ಆವರಣದಲ್ಲಿದೆ: ಮಾರ್ಚ್ 10, ಗಾಂಧಿ ಪುಣ್ಯಾಹ. 2023ರಲ್ಲಂತೂ ದೋಲಪೂರ್ಣಿಮೆ ಕಳೆದ ಮೂರನೆಯ ದಿನವೇ ಅದು ಬಂದಿತ್ತು. ಅಂದು ಅಡುಗೆಯವರಿಗೆ, ಕಸ ಗುಡಿಸುವವರಿಗೆ, ಆಳುಕಾಳುಗಳಿಗೆ ರಜೆ. ಅವರ ಕೆಲಸವನ್ನೆಲ್ಲ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೈಗೆತ್ತಿಕೊಳ್ಳುವುದು ಪದ್ಧತಿ.

ಇದರ ಕಥೆ 1915ರದು. ಆಗಿನ್ನೂ ವಿಶ್ವಭಾರತಿ ಹುಟ್ಟಿರಲಿಲ್ಲ; 1901ರಲ್ಲಿ ರವೀಂದ್ರರು ಸ್ಥಾಪಿಸಿದ ಶಾಲೆ ಮಾತ್ರ ಇತ್ತು. ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದ ಹುಡುಗರು ಗಾಂಧೀಜಿಗಿಂತ ಮೊದಲೇ ಅಲ್ಲಿಗೆ ಬಂದಿಳಿದು, ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡಿದ್ದರು. ಹಿಂದೆ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಕಾಕಾ ಕಾಲೇಲ್ಕರರೂ ಆಗ ಅಲ್ಲಿದ್ದರು. ಗಾಂಧೀಜಿ ಬಂದವರೇ, ಸಂಬಳದ ಅಡುಗೆಯವರನ್ನು ಬಿಟ್ಟು ಇಡೀ ಶಾಲೆಯೇ ಪಾಕಶಾಲೆಯನ್ನು ವಹಿಸಿಕೊಳ್ಳಬಾರದೇಕೆ ಎಂದು ಕೇಳಿದರು. ಕೆಲವು ಅಧ್ಯಾಪಕರು ಒಪ್ಪಿದರು, ಕೆಲವರು ತಲೆಯಾಡಿಸಿದರು. ಹುಡುಗರಿಗೆ ಹೊಸತೆಂಬ ಹುರುಪು. ಅಧ್ಯಾಪಕರು ಒಪ್ಪುವುದಾದರೆ ತಮ್ಮ ಅಡ್ಡಿಯಿಲ್ಲವೆಂದು ಕವಿಗಳು ಸಮ್ಮತಿಸಿದರು. ಮಾರ್ಚ್ 10ರಂದು ಪ್ರಯೋಗ ಆರಂಭವಾಯಿತು.

ಸುಮಾರು 125 ಹುಡುಗರ ಹೊಟ್ಟೆಗೆ ಅನ್ನ ಬೇಯಿಸುವುದೆಂದರೆ ಬಾಯಿಮಾತಲ್ಲ. ತರಕಾರಿ ಹೆಚ್ಚುವವರು ಕೆಲವರು, ಅಕ್ಕಿಕಾಳು ಆರಿಸುವವರು ಕೆಲವರು, ನೆಲ ಗುಡಿಸುವವರು ಕೆಲವರು. ಆಂಗ್ಲ ಅಧ್ಯಾಪಕ ಪಿಯರ್ಸನ್ನರು ಇದಕ್ಕಾಗಿ ಮೈಮುರಿದು ದುಡಿದರು. ದಿನ ಕಳೆದಂತೆ ಕೆಲವರಲ್ಲಿ ದಣಿವು, ಗೊಣಗಾಟ. ದೊಡ್ಡ ದೊಡ್ಡ ಅಡುಗೆಯ ಪಾತ್ರೆಗಳನ್ನು ಉಜ್ಜುವುದು ಎಲ್ಲಕ್ಕಿಂತ ಬೇಸರದ ಕೆಲಸ. ಅದಕ್ಕೊಂದು ಉಪಾಯ ಹೂಡಿದರು: ಒಂದು ತಂಡ ಪಾತ್ರೆ ಉಜ್ಜುತ್ತಿರುವಾಗ ಇನ್ನೊಂದು ತಂಡ ಎದುರಿಗೆ ಕುಳಿತು ಸಿತಾರ್ ನುಡಿಸುವುದು! ಗಾಂಧೀಜಿಯವರ ಆತ್ಮಕಥೆಯಲ್ಲಿ ಈ ಸಂಗತಿ ಬರುತ್ತದೆ. ಮಸಿ ಹಿಡಿದ ಪಾತ್ರೆ, ಬೂದಿ ಮೆತ್ತಿದ ಕೈ, ಎದುರಿಗೆ ಸಿತಾರಿನ ಝೇಂಕಾರ. ವಸಂತದ ಎಷ್ಟು ಮೆರವಣಿಗೆಗಳನ್ನು ಕೊಟ್ಟರೂ ಈ ಒಂದು ಚಿತ್ರವನ್ನು ನಾನು ಬಿಟ್ಟುಕೊಡಲಾರೆ. ಕವಿಯ ಆಶ್ರಮವೂ ಕರ್ಮಯೋಗಿಯ ಆಶ್ರಮವೂ ಅಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಬಳಿ, ಒಂದಾಗಿದ್ದವು.

ಗಾಂಧೀಜಿ ಬೇಗನೆ ಅಲ್ಲಿಂದ ಹೊರಟರು. ಪ್ರಯೋಗವೂ ಕೆಲಕಾಲದಲ್ಲಿ ನಿಂತಿತು. ಉಳಿದದ್ದು ವರ್ಷಕ್ಕೊಂದು ದಿನ. ಉಳಿದ 364 ದಿನ ಪಾತ್ರೆಗಳನ್ನು ತೊಳೆಯುವವರು ಯಾರು, ಒಂದು ದಿನದ ಈ ವ್ರತದಿಂದ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ದುಡಿಮೆಗೆ ಒಂದು ದಿನದ ಮರ್ಯಾದೆ ಸಲ್ಲಿಸಿ ಉಳಿದ ದಿನಗಳಲ್ಲಿ ಅದನ್ನು ಮರೆಯುವುದು ನಮಗೆಲ್ಲ ಅನುಕೂಲ. ಆದರೂ ನಮ್ಮ ಕಡೆಯ ಶ್ರಮದಾನಕ್ಕೂ ಇದಕ್ಕೂ ಒಂದು ಅಂತರವಿದೆ. ನಾವು ಯಾರೂ ನಡೆಯದ ದಾರಿಯ ಪೊದೆ ಕಡಿದು, ಛಾಯಾಚಿತ್ರ ತೆಗೆಸಿಕೊಂಡು ಬರುತ್ತೇವೆ. ಅಂದು ಊಟಕ್ಕೆ ಬಡಿಸಿದವನೂ ಎಲೆ ಎತ್ತಿದವಳೂ ಎಂದಿನಂತೆ ದುಡಿದಿರುತ್ತಾರೆ. ಅಲ್ಲಿಯಾದರೋ ಗೊತ್ತಾದ ಮನುಷ್ಯನೊಬ್ಬನಿಗೆ ನಿಜವಾದ ರಜೆ ದೊರೆಯುತ್ತದೆ. ಅವನು ದಿನವೂ ಎತ್ತುವ ಪಾತ್ರೆಯ ಭಾರ ಹುಡುಗನೊಬ್ಬನ ತೋಳಿಗೆ ತಿಳಿಯುತ್ತದೆ. ಅನ್ನ ಸೀದರೆ ಎಲ್ಲರೂ ಸೀದ ಅನ್ನವನ್ನೇ ಉಣ್ಣಬೇಕು.

ಮಾರ್ಚ್ 11ರ ಬೆಳಿಗ್ಗೆ ಅಡುಗೆಯವರು ಹಿಂದಿರುಗಿ ಒಲೆ ಹೊತ್ತಿಸುತ್ತಾರೆ. ಹಿಂದಿನ ದಿನ ಪಂಡಿತರೂ ವಿದ್ಯಾರ್ಥಿಗಳೂ ಕೂಡಿ ಬೆಳಗಿಟ್ಟ ಪಾತ್ರೆಗಳ ತಳವನ್ನು ಅವರು ಒಮ್ಮೆ ತಿರುಗಿಸಿ ನೋಡದೆ ಇರಲಾರರು. ನೋಡಿ, ಮಾತಾಡದೆ, ಮತ್ತೊಮ್ಮೆ ಉಜ್ಜಲು ಕೂಡುತ್ತಾರೋ ಏನೋ.