ಆರೋಗ್ಯ ವಿಚಾರ: ಮೈಯೊಳಗಿನ ಕಾವಲುಗಾರ

ಆಡುತ್ತಿದ್ದ ಮಗುವಿನ ಬೆರಳಿಗೆ ಸಿಬಿರು ಚುಚ್ಚಿತೆನ್ನಿ. ತಾಯಿ ಸೂಜಿ ಹುಡುಕಿ ತರುವಷ್ಟರಲ್ಲಿ ಬೆರಳು ಕೆಂಪೇರಿ ಬಾತಿರುತ್ತದೆ. ನಾವು ಗಾಬರಿಯಾಗುತ್ತೇವೆ. ಆದರೆ ಆ ಬಾವು ಶತ್ರುವಿನ ಕೆಲಸವಲ್ಲ. ನಮ್ಮ ಕಡೆಯ ಕಾವಲುಗಾರರು ಕೂಗು ಹಾಕಿದ್ದರ ಗುರುತು. ಅವರಲ್ಲಿ ಮುಖ್ಯನಾದವನೇ ಮಾಸ್ಟ್ ಕೋಶ.

ಹಿಂದಿಯ ‘ಮಸ್ತ್’ಗೂ ಈ ಹೆಸರಿಗೂ ನಂಟಿಲ್ಲ. 1878ರಲ್ಲಿ ಪಾಲ್ ಏರ್ಲಿಖ್ ಎಂಬ ಜರ್ಮನ್ ತರುಣನು ತನ್ನ ಪದವಿಯ ಪ್ರಬಂಧದಲ್ಲಿ, ಒಡಲ ತುಂಬ ಕಾಳುಗಳಂಥ ಕಣಗಳನ್ನು ತುಂಬಿಕೊಂಡ ಈ ಕೋಶಗಳನ್ನು ವರ್ಣಿಸಿದನು. ಇವು ಚೆನ್ನಾಗಿ ಉಂಡು ಕೊಬ್ಬಿದವೆಂದು ಬಗೆದು, ಮೇವು ಹಾಕಿ ಕೊಬ್ಬಿಸುವ ಅರ್ಥದ ಜರ್ಮನ್ ಮಾತಿನಿಂದ ಹೆಸರಿಟ್ಟನು. ಒಳಗಿದ್ದುದು ಉಂಡ ಅನ್ನವಲ್ಲ, ಕೂಡಿಟ್ಟ ಮದ್ದುಗುಂಡು ಎಂಬುದು ಆಮೇಲೆ ತಿಳಿಯಿತು.

ಇವುಗಳ ಠಾಣ್ಯ ಚರ್ಮ, ಶ್ವಾಸನಾಳ, ಕರುಳು; ಅಂದರೆ ಹೊರಗಿನದು ಒಳನುಗ್ಗುವ ಹೆಬ್ಬಾಗಿಲುಗಳು. ರೋಗಾಣುವಿನ ಸುಳಿವು ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ಕಣಗಳನ್ನು ಹೊರಚೆಲ್ಲುತ್ತವೆ. ಅವುಗಳಲ್ಲಿರುವ ಹಿಸ್ಟಮಿನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ನೀರಂಶ ಜಿನುಗುತ್ತದೆ. ಕೆಂಪು, ಬಾವು ಎರಡೂ ಹೀಗೆ ಬಂದವು. ಟಿ.ಎನ್.ಎಫ್. ಎಂಬ ಇನ್ನೊಂದು ವಸ್ತು ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆಸುತ್ತದೆ. ಅವು ಬಂದು ರೋಗಾಣುಗಳನ್ನು ನುಂಗುತ್ತವೆ. ಇದು ಹುಟ್ಟಿನಿಂದಲೇ ಬಂದ ರಕ್ಷಣೆ. ಶತ್ರುವಿನ ಹಳೆಯ ಪರಿಚಯ ಇದಕ್ಕೆ ಬೇಕಿಲ್ಲ.

ಇಷ್ಟಾದರೂ ಮಾಸ್ಟ್ ಕೋಶಕ್ಕೆ ಬಹುಕಾಲ ಕೆಟ್ಟ ಹೆಸರೇ. ದೂಳಿಗೆ ಸೀನು, ಸಿಗಡಿ ತಿಂದರೆ ಮೈಮೇಲೆ ಗಂಧೆ: ಇಂಥ ಅಲರ್ಜಿಗೆಲ್ಲ ಅದೇ ಕಾರಣವೆಂದು ವೈದ್ಯರು ಬಲ್ಲರು. ಊರಿಂದ ಬಂದ ನೆಂಟನನ್ನೇ ಕಳ್ಳನೆಂದು ತಡೆಯುವ ನಮ್ಮ ಬಿಲ್ಡಿಂಗಿನ ವಾಚ್‌ಮನ್ನನಂತೆ! ಆದರೆ 1996ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಅದರ ಮಾನ ಉಳಿಸಿದವು. ಮಾಸ್ಟ್ ಕೋಶಗಳಿಲ್ಲದ ಇಲಿಗಳ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಸೋಂಕು ಉಂಟಾದಾಗ, ಅವು ಉಳಿದ ಇಲಿಗಳಿಗಿಂತ ಬಹಳ ಹೆಚ್ಚಾಗಿ ಸತ್ತವು. ಅಂಥವಕ್ಕೇ ಮೊದಲೇ ಮಾಸ್ಟ್ ಕೋಶಗಳನ್ನು ಸೇರಿಸಿಟ್ಟಾಗ ಸೋಂಕನ್ನು ಎದುರಿಸಿದವು.

ಹಾಗೆಂದು ಎಲ್ಲವನ್ನೂ ಕಾವಲುಗಾರನಿಗೆ ಬಿಟ್ಟು ಕೂಡಬಾರದು. ಕೂಗುವುದು ಅವನ ಕೆಲಸ. ಕೇಳಿ ಏಳುವುದು ಮನೆಯವರದು. ಗಾಯವನ್ನು ಸಾಬೂನು ನೀರಿನಿಂದ ತೊಳೆಯಿರಿ; ಹಿಸುಕಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ನೋಡಿಕೊಳ್ಳಿ. ಕೆಂಪು ಹರಡುತ್ತ ಹೋದರೆ, ಕೀವು ಕಟ್ಟಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ. ಸಕ್ಕರೆ ಕಾಯಿಲೆಯವರಂತೂ ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಇನ್ನು ಮೇಲೆ ಬೆರಳು ಬಾತಾಗ ಹೆದರುವ ಮೊದಲು, ಒಳಗೊಬ್ಬ ಎಚ್ಚರವಾಗಿದ್ದಾನೆಂದು ನೆನೆಯಿರಿ. ಆಮೇಲೆ ಸಾಬೂನು ಹುಡುಕಿರಿ.